ಥುಮಾಮಾದ ಒದ್ದೆ ಗೋಡೆ ಮತ್ತು ಸದಾನಂದನ ಎಕ್ಸಿಟ್ ಪರ್ಮಿಟ್

2007ರ ಆಗಸ್ಟ್. ದೋಹಾದ ದಕ್ಷಿಣಕ್ಕೆ, ಅಲ್ ಥುಮಾಮಾದ ಒಂದು ವಿಲ್ಲಾದ ನೆಲಮಾಳಿಗೆ. ಆ ಬೆಳಿಗ್ಗೆ ಅಲ್ಲಿದ್ದವರು ಮೂವರು. ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಮೆಂಟೆನೆನ್ಸ್ ಇಂಜಿನಿಯರಾಗಿದ್ದ ನಾನು, ಮೈಸೂರಿನ ಮೂರ್ತಿ. ನಮ್ಮ ಜಿಪ್ಸಮ್ ಬೋರ್ಡ್ ಮತ್ತು ಇನ್ಸುಲೇಷನ್ ಕೆಲಸಗಳ ಫೋರ್‌ಮನ್, ಕಾರ್ಕಳದ ಕಡೆಯ ಸದಾನಂದ ಪೂಜಾರಿ. ಮೂರನೆಯವರು ಉಳ್ಳಾಲದ ಹಮೀದ್ ಸಾಹೇಬರು; ಅವರು ಕಂಪನಿಯ ಮಂದೂಬ್, ಅಂದರೆ ಸರ್ಕಾರಿ ಕಚೇರಿಗಳಿಗೆ ಕಾಗದಪತ್ರ ಹಿಡಿದು ಓಡಾಡುವವರು. ಮನೆಯ ಬೀಗದ ಕೈ ಅವರ ಹತ್ತಿರ ಇದ್ದುದರಿಂದ ಬಂದಿದ್ದರು.

ಸದಾನಂದನ ತಾಯಿ ಹಿಂದಿನ ಸಂಜೆ ಊರಿನಲ್ಲಿ ತೀರಿಕೊಂಡಿದ್ದರು. ಅದು ನನಗೆ ಗೊತ್ತಿತ್ತು. ಹಮೀದರಿಗೂ ಗೊತ್ತಿತ್ತು. ಸದಾನಂದನಿಗೆ ಯಾರೂ ಹೇಳಿರಲಿಲ್ಲ.

ಅವನು ಗೋಡೆಯ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು, ಬೋರ್ಡಿನ ಅಂಚಿಗೆ ಸಣ್ಣ ಮೀಟುಕಬ್ಬಿಣ ತೂರಿಸಿ ಎಬ್ಬಿಸಿದ. ಜಿಪ್ಸಮ್ ಬೋರ್ಡು ನೆನೆದ ರಸ್ಕಿನ ಹಾಗೆ ಮುರಿದು ಬಂತು. ಅದರ ಹಿಂದೆ ಪಾಲಿಥೀನ್ ಹಾಳೆ. ಹಾಳೆಯ ಆಚೆ ಬದಿಯಲ್ಲಿ ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಹಾಳೆಯನ್ನು ಸೀಳಿದಾಗ ಒಳಗಿದ್ದ ಗಾಜಿನ ಉಣ್ಣೆ, ನಾವು ಗ್ಲಾಸ್ ವೂಲ್ ಅನ್ನುವುದು, ತೊಳೆದು ಹಿಂಡದೆ ಬಿಟ್ಟ ಕಂಬಳಿಯಂತೆ ತನ್ನ ಭಾರಕ್ಕೆ ತಾನೇ ಕುಸಿದು ಅವನ ಬೂಟಿನ ಮೇಲೆ ಬಿತ್ತು. ಹುಳಿ ವಾಸನೆ ಎದ್ದಿತು.

"ಗೋಡೆ ಬೆವರಿದ್ದಾ ಸಾರ್ ಇದು, ಅಲ್ಲ ಹೊರಗಿಂದ ಲೀಕಾ?" ಎಂದ ಸದಾನಂದ.

"ನೋಡೋಣ ಇರಪ್ಪ," ಎಂದೆ. ನನ್ನ ತಲೆಯಲ್ಲಿ ಗೋಡೆ ಇರಲಿಲ್ಲ.

ಬೆಳಿಗ್ಗೆ ಅಲ್ ಸದ್ದ್‌ನ ನನ್ನ ಫ್ಲಾಟಿನಲ್ಲಿ ಹಲ್ಲುಜ್ಜುತ್ತಿದ್ದಾಗ ಫೋನ್ ಬಂದಿತ್ತು. ಸದಾನಂದನ ಭಾವ, ಅಕ್ಕನ ಗಂಡ. "ಸುಡ್ಲಿಕ್ಕೆ ಕಾಯ್ಲಿಕ್ಕೆ ಆಗುದಿಲ್ಲ ಸಾರ್, ಅದು ನಾನೇ ಮಾಡ್ತೇನೆ. ಬೊಜ್ಜಕ್ಕಾದ್ರೂ ಅವನನ್ನು ಕಳಿಸಿ ಕೊಡಿ. ಒಬ್ಬನೇ ಮಗ." ಬೊಜ್ಜ ಅಂದರೆ ಅವರ ಕಡೆಯ ಉತ್ತರಕ್ರಿಯೆ. ಅದಕ್ಕೆ ಎರಡು ವಾರವೂ ಇರಲಿಲ್ಲ.

ಎರಡು ವಾರ ಸಾಲದೇ ಎಂದು ಓದುವವರಿಗೆ ಅನ್ನಿಸಬಹುದು. ಆಗಿನ ಕತಾರಿನಲ್ಲಿ ಕೆಲಸಗಾರ ದೇಶ ಬಿಡಬೇಕಾದರೆ ಎಕ್ಸಿಟ್ ಪರ್ಮಿಟ್ ಬೇಕಿತ್ತು, ಅದಕ್ಕೆ ಪ್ರಾಯೋಜಕರ, ಅಂದರೆ ಸ್ಪಾನ್ಸರ್‌ನ ಸಹಿ ಬೇಕಿತ್ತು. ನಮ್ಮ ಕಂಪನಿಯ ಸ್ಪಾನ್ಸರ್ ಈ ವಿಲ್ಲಾದ ಯಜಮಾನರೇ. ಎಲ್ಲರೂ ಅವರನ್ನು ಅಬು ರಾಶಿದ್ ಎನ್ನುತ್ತಿದ್ದರು. ಸಹಿ ಮಾಡುವ ಅಧಿಕಾರವನ್ನು ಅವರು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಅವರು ಸಂಸಾರ ಸಮೇತ ಬೇಸಿಗೆ ಕಳೆಯಲು ಯುರೋಪಿಗೆ ಹೋಗಿದ್ದರು. ರಮದಾನ್‌ಗೆ ಮುಂಚೆ ಬರುವವರು, ಬಂದಮೇಲೆ ಪ್ರತಿ ಸಂಜೆ ಈ ನೆಲಮಾಳಿಗೆಯ ಮಜ್ಲಿಸ್‌ನಲ್ಲಿ ನೆಂಟರು ಸ್ನೇಹಿತರು ಕೂಡುವವರು. ಅದಕ್ಕೇ ಈ ಗೋಡೆಯ ರಿಪೇರಿ.

ಇನ್ನು, ಸದಾನಂದನಿಗೆ ಹೇಳದೆ ಇದ್ದದ್ದು ಯಾಕೆ? ಅದು ಗಲ್ಫಿನಲ್ಲಿ ನಮ್ಮವರ ಪದ್ಧತಿ. ಊರಿನಿಂದ ಸಾವಿನ ಸುದ್ದಿ ಬಂದರೆ ನೇರ ಆ ಮನುಷ್ಯನಿಗೆ ಹೋಗುವುದಿಲ್ಲ. ರೂಮಿನವರಿಗೋ ಮೇಲಿನವರಿಗೋ ಬರುತ್ತದೆ. ಅವರು ಪರ್ಮಿಟ್ಟು, ಟಿಕೆಟ್ಟು ಕೈಗೆ ಬರುವ ತನಕ ಬಾಯಿ ಬಿಡುವುದಿಲ್ಲ. ಹೋಗುವ ದಾರಿಯಿಲ್ಲದೆ ಸುದ್ದಿ ಮಾತ್ರ ಕೈಗಿಟ್ಟರೆ ಏನು ಮಾಡಿಯಾನು? ತೀರಾ ಅಗತ್ಯವಾದರೆ "ಸ್ವಲ್ಪ ಸೀರಿಯಸ್ಸಂತೆ" ಎನ್ನುತ್ತಾರೆ. ನನ್ನ ಅಜ್ಜಿಯ ಕಾಲದಲ್ಲೂ ಇದೇ ಇತ್ತು. ಮೂಲೆಗೆ ಕರಿ ಹಚ್ಚಿದ ಕಾಗದ ಹಿಡಿದು ಅಂಚೆಯವನು ಬಂದರೆ ಅಜ್ಜಿ ಗೇಟಿನಲ್ಲೇ ತಡೆದು, "ಒಳಗೆ ಊಟಕ್ಕೆ ಕೂತಿದಾರಪ್ಪ, ಎಲೆ ಎತ್ತೋತನಕ ಜಗಲಿ ಮೇಲೆ ಕೂತಿರು, ಮಜ್ಜಿಗೆ ಕೊಡ್ತೀನಿ" ಎನ್ನುತ್ತಿದ್ದರು. ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಕೇಳದವನಿಗೆ ಅದೇನೂ ಇಲ್ಲ, ಅವನು ಉಣ್ಣಬಹುದು.

ಗೋಡೆಯ ವಿಷಯಕ್ಕೆ ಬರುತ್ತೇನೆ. ಹಿಂದಿನ ವರ್ಷ ಬೇರೊಬ್ಬ ಕಂಟ್ರಾಕ್ಟರ್ ಈ ಕೆಲಸ ಮಾಡಿದ್ದ. ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಮರದ ಪಟ್ಟಿ, ಪಟ್ಟಿಗಳ ನಡುವೆ ಗ್ಲಾಸ್ ವೂಲ್, ಅದರ ಮೇಲೆ ಪಾಲಿಥೀನ್, ಕೊನೆಗೆ ಜಿಪ್ಸಮ್ ಬೋರ್ಡ್. ಡ್ರಾಯಿಂಗ್ ಚೊಕ್ಕಟವಾಗಿತ್ತು, ಆದರೆ ಅದು ಹಿಮ ಬೀಳುವ ದೇಶದ ಡ್ರಾಯಿಂಗ್. ಅಲ್ಲಿ ಮನೆಯೊಳಗೆ ಬೆಚ್ಚಗೆ, ಹೊರಗೆ ಚಳಿ. ಅಡುಗೆ, ಸ್ನಾನ, ಉಸಿರಿನ ತೇವ ಒಳಗಿನಿಂದ ಗೋಡೆಯ ಕಡೆಗೆ ಹೋಗುತ್ತದೆ. ಅದನ್ನು ತಡೆಯಲು ಒಳಮೈಗೆ ಹಾಳೆ. ದೋಹಾದಲ್ಲಿ ಎಲ್ಲವೂ ತಿರುಗುಮುರುಗು. ಹೊರಗಿನ ಮಣ್ಣು ಬಿಸಿ, ಸಮುದ್ರ ಹತ್ತಿರವಾದ್ದರಿಂದ ತೇವ, ಒಳಗೆ ಎಸಿ. ಫ್ರಿಜ್ಜಿನಿಂದ ತೆಗೆದಿಟ್ಟ ಮಜ್ಜಿಗೆ ಲೋಟದ ಹೊರಮೈ ಹೇಗೆ ಬೆವರುತ್ತದೋ ಹಾಗೆ, ಬ್ಲಾಕಿನಿಂದ ಹೊರಟ ತೇವ ತಣ್ಣಗಿದ್ದ ಹಾಳೆಗೆ ತಗುಲಿ ನೀರಾಗಿತ್ತು. ಒಳಗೂ ಬರಲಾರದೆ ಹೊರಗೂ ಹೋಗಲಾರದೆ ಅಲ್ಲೇ ನಿಂತಿತ್ತು. ಅದರ ಜೊತೆಗೆ ಇಲ್ಲಿಯವರ ಇನ್ನೊಂದು ಅಭ್ಯಾಸ: ಬೇಸಿಗೆಯಲ್ಲಿ ಮನೆ ಬಿಟ್ಟು ಹೋಗುವಾಗ ಪೀಠೋಪಕರಣ ಕೆಡಬಾರದೆಂದು ಎಲ್ಲ ಎಸಿಗಳನ್ನೂ ಹದಿನೆಂಟಕ್ಕಿಟ್ಟು ಹೋಗುತ್ತಾರೆ. ಖಾಲಿ ಮನೆ ತಿಂಗಳುಗಟ್ಟಲೆ ಗುಂಯ್‌ಗುಡುತ್ತ ತಣ್ಣಗಾಗುತ್ತಿರುತ್ತದೆ.

ಮಾಡಬೇಕಾದ್ದು ಸ್ಪಷ್ಟವಿತ್ತು. ಎಲ್ಲ ಕಿತ್ತು ಹಾಕುವುದು. ಎಸಿ ನಿಲ್ಲಿಸಿ, ಡಿಹ್ಯುಮಿಡಿಫೈಯರ್ ಇಟ್ಟು ಗೋಡೆ ಒಣಗಿಸುವುದು. ಒಣಗಿದ ಬ್ಲಾಕಿಗೆ ನೇರವಾಗಿ ಗಟ್ಟಿ ಫೋಮ್ ಬೋರ್ಡನ್ನು, ನಡುವೆ ಗಾಳಿಗೆ ಜಾಗವಿಲ್ಲದಂತೆ ಪೂರ್ತಿ ಅಂಟು ಹಚ್ಚಿ ಕೂಡಿಸುವುದು. ಸಂದುಗಳಿಗೆ ಟೇಪ್, ಮೇಲೆ ಜಿಪ್ಸಮ್. ಪಾಲಿಥೀನ್ ಬೇಡವೇ ಬೇಡ.

ಎಸಿ ನಿಲ್ಲಿಸಲು ಯಜಮಾನರ ಒಪ್ಪಿಗೆ ಬೇಕು. ಹಮೀದರನ್ನು ಮೇಲೆ ಕರೆದುಕೊಂಡು ಬಂದೆ.

"ಎಸಿ ವಿಷಯಕ್ಕೆ ಫೋನ್ ಮಾಡಿದಾಗ ಸದಾನಂದನ ಪರ್ಮಿಟ್ಟಿನದ್ದೂ ಹೇಳಿಬಿಡಿ," ಎಂದೆ.

"ಅರಬಾಬ್ ರಜೆಯಲ್ಲಿರುವಾಗ ಪರ್ಮಿಟ್ ಸುದ್ದಿ ಎತ್ತಿದ್ರೆ ನನ್ನ ವೀಸಾ ಖಲಾಸ್ ಮಾಡ್ತಾರೆ ಸಾರ್," ಎಂದು ಗೊಣಗಿದರು. ಅರಬಾಬ್ ಅಂದರೆ ಯಜಮಾನರು. ಆದರೂ ನಂಬರ್ ಒತ್ತಿದರು. ಮೊದಲು ಗೋಡೆ, ಆಮೇಲೆ ಸಾವು. ಅರಬ್ಬಿಯಲ್ಲಿ ಬಹಳ ಹೊತ್ತು ಮಾತಾಡಿ ಫೋನ್ ಮುಚ್ಚಿದರು.

"ಎಸಿ ಆಫ್ ಮಾಡಿ ಅಂದ್ರು. ಪಾಪ, ಸಾವಿಗೆ ದುವಾನೂ ಹೇಳಿದ್ರು. ಬರೋ ಗುರುವಾರ ಬರ್ತಾರಂತೆ, ಬಂದ ಕೂಡ್ಲೇ ಸಹಿ. ಮಗನಿಗೆ ಇನ್ನೂ ಹೇಳ್ಲಿಲ್ಲ ಅಂದೆ. 'ಹೇಳ್ಲಿಲ್ಲ ಅಂದ್ರೆ ಎಂತ, ಅವನ ತಾಯಿ ಅಲ್ವಾ?' ಅಂತ ಕೇಳ್ತಾರೆ. ಅವರಿಗೆ ಇದೆಲ್ಲ ಎಲ್ಲಿ ಅರ್ಥ ಆಗ್ತದೆ."

ಫೋನನ್ನು ಜೇಬಿಗಿಟ್ಟು ಹೇಳಿದರು: "ಕೊನೆಗೆ ಇನ್ನೊಂದು ಕೇಳಿದ್ರು. ಗುರುವಾರಕ್ಕೆ ಗೋಡೆ ಮುಗೀತದಾ ಅಂತ."

ಗುರುವಾರ ಸಹಿಯಾದರೆ ಶುಕ್ರವಾರ ವಿಮಾನ, ಮುಂಬೈ ದಾಟಿ ಮಂಗಳೂರು. ಬೊಜ್ಜಕ್ಕೆ ಮುಟ್ಟಬಹುದು. ಗುರುವಾರ ತಪ್ಪಿದರೆ ವಾರಾಂತ್ಯದ ರಜೆ, ಪರ್ಮಿಟ್ ಕಚೇರಿ ಬಂದ್. ಮುಟ್ಟುವುದಿಲ್ಲ.

ಆಮೇಲಿನ ದಿನಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎಸಿ ನಿಂತ ನೆಲಮಾಳಿಗೆಯಲ್ಲಿ ಬೆವರು ಕಣ್ಣಿಗಿಳಿಯುತ್ತಿತ್ತು. ಸದಾನಂದ ಕಿತ್ತದ್ದನ್ನು ಹೊರಗೆ ಹಾಕಿಸಿದ, ಬ್ಲಾಕಿನ ಕಪ್ಪು ಬೂಷ್ಟನ್ನು ತಿಕ್ಕಿಸಿದ, ಡಿಹ್ಯುಮಿಡಿಫೈಯರಿನ ನೀರು ತುಂಬಿದಾಗಲೆಲ್ಲ ಚೆಲ್ಲಿಸಿದ. ಮಾತಿನ ಮಲ್ಲ ಅವನು. ಗ್ಯಾಂಗಿನವರನ್ನು ತುಳುವಿನಲ್ಲೂ ಹಿಂದಿಯಲ್ಲೂ ರೇಗಿಸುತ್ತಲೇ ಕೆಲಸ ತೆಗೆಯುವವನು. ಈಗ ಬೇಕಾದಷ್ಟೇ ಮಾತು. ನಾನೂ ಅಷ್ಟೇ. ಅವನು ಮಧ್ಯಾಹ್ನ ಡಬ್ಬಿ ತೆರೆದು ಮೀನುಸಾರಿನಲ್ಲಿ ಅನ್ನ ಕಲೆಸುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ನನ್ನೊಳಗೆ ದುಃಖ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಹಾಗೆ.

ಒಂದು ದಿನ ಇಬ್ಬರೇ ಇದ್ದೆವು. ಫೋಮ್ ಬೋರ್ಡಿಗೆ ಹಲ್ಲು ಕರಣೆಯಿಂದ ಅಂಟು ಎಳೆಯುತ್ತಿದ್ದ ಅವನು ತಲೆಯೆತ್ತದೆ ಕೇಳಿದ.

"ಗುರುವಾರ ಅಂತಲ್ವಾ ಸಾರ್, ಅರಬಾಬ್ ಬರುದು?"

"ಹೂಂ."

"ನನಗೆ ಗೊತ್ತುಂಟು ಸಾರ್."

ನಾನು ಕೈಲಿದ್ದ ಟೇಪಿನ ಸುರುಳಿಯನ್ನು ಕೆಳಗಿಟ್ಟೆ.

"ಮೊದಲ ದಿನ ಬೆಳಿಗ್ಗೆ ಹಮೀದಾಕ ನನಗೆ ಚಾಯ ತಂದುಕೊಟ್ರು. ಆರು ವರ್ಷದಲ್ಲಿ ಆ ಮನುಷ್ಯ ಯಾರಿಗೂ ಒಂದು ಗ್ಲಾಸು ನೀರು ಕೊಟ್ಟದ್ದಿಲ್ಲ." ಅವನು ನಗಲಿಲ್ಲ. "ಕ್ಯಾಂಪಲ್ಲಿ ಎಷ್ಟು ಜನರಿಗೆ ನಾನೇ ಹೀಗೆ ಮುಚ್ಚಿಟ್ಟಿದ್ದೇನೆ ಸಾರ್. ಮುಖ ನೋಡಿದ್ರೆ ಗೊತ್ತಾಗುದಿಲ್ವಾ."

"ಸದಾನಂದ, ನಾನು..."

"ಬೇಡ ಸಾರ್. ನೀವು ಹೇಳುದು ಬೇಡ." ಕರಣೆ ನಿಲ್ಲಿಸಿದ. "ನೀವು ಬಾಯಲ್ಲಿ ಹೇಳಿದ್ರೆ ನಾನು ಕೇಳಿದ ಹಾಗಾಗ್ತದೆ. ಕೇಳಿದ ಮೇಲೆ ಸೂತಕ ಹಿಡಿಬೇಕು. ಎಂಟು ಜನ ಇರುವ ರೂಮು, ಒಂದೇ ಅಡಿಗೆ. ನಾನು ಎಲ್ಲಿ ಕೂರ್ಲಿ? ಪೇಪರ್ ಬಂದ ಮೇಲೆ ಹೇಳಿ. ವಿಮಾನ ಹತ್ತಿಸಿ ಹೇಳಿದ್ರೂ ಆಯ್ತು."

"ಆಯ್ತಪ್ಪ," ಎಂದೆ.

"ಆ ಬೋರ್ಡ್ ಸ್ವಲ್ಪ ಹಿಡೀತೀರಾ," ಎಂದ. ಹಿಡಿದೆ. ಅವನು ಅಂಗೈಯಿಂದ ಮೂಲೆಯಿಂದ ಮೂಲೆಗೆ ಒತ್ತುತ್ತ ಹೋದ.

ಬುಧವಾರದ ಹೊತ್ತಿಗೆ ಮೂರು ಗೋಡೆ ಮುಗಿದಿದ್ದವು. ತೋಟದ ಕಡೆಯ ನಾಲ್ಕನೆಯದು ಒಣಗಲಿಲ್ಲ. ಬರಿ ಬ್ಲಾಕಿನ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ತುಂಡೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿದ್ದೆ. ಸರಳ ಪರೀಕ್ಷೆ. ಹಾಳೆಯ ಮುಂದೆ ನೀರು ಕೂತರೆ ಅದು ಕೋಣೆಯ ಗಾಳಿಯದ್ದು, ಹಿಂದೆ ಕೂತರೆ ಗೋಡೆಯದ್ದು. ಬಿಚ್ಚಿ ನೋಡಿದಾಗ ಹಿಂದೆ ಹನಿಗಳಿದ್ದವು. ಹೊರಗೆ ಹೋಗಿ ನೋಡಿದರೆ ಗೋಡೆಗೆ ತಾಗಿಯೇ ಹೂವಿನ ಪಾತಿ, ದಿನಕ್ಕೆರಡು ಸಲ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಿಲ್ಲಿಸಿದೆ. ಆದರೆ ಇಷ್ಟು ದಿನ ಕುಡಿದ ಮಣ್ಣು ಒಂದು ರಾತ್ರಿಯಲ್ಲಿ ಒಣಗುವುದಿಲ್ಲ.

ಹಮೀದರು ಮೆಟ್ಟಿಲ ಮೇಲೆ ನಿಂತು ನೋಡಿದರು. ನನ್ನನ್ನು ಪಕ್ಕಕ್ಕೆ ಕರೆದರು.

"ಮುಚ್ಚಿಬಿಡಿ ಸಾರ್."

"ಒದ್ದೆ ಇದೆಯಲ್ರೀ."

"ಒದ್ದೆ ಇದ್ದದ್ದು ನನಗೆ ಕಾಣ್ತದೆ. ಅರಬಾಬಿಗೆ ಕಾಣೂದಿಲ್ಲ. ನಾಳೆ ಅವರು ಇಳಿದು ಬರ್ತಾರೆ, ನಾಲ್ಕೂ ಕಡೆ ಬಿಳಿ ಗೋಡೆ ನೋಡ್ತಾರೆ, ಖುಷಿಯಾಗ್ತಾರೆ, ನಾನು ಪೇಪರ್ ಮುಂದೆ ಹಿಡೀತೇನೆ, ಯಲ್ಲಾ! ಅರ್ಧ ಗೋಡೆ ನೋಡಿ ಸಿಟ್ಟು ಬಂದು 'ಬುಕ್ರಾ', ನಾಳೆ ಅಂದುಬಿಟ್ರೆ? ಅವರ ನಾಳೆ ಅಂದ್ರೆ ರಜೆ ಮುಗಿದು ಭಾನುವಾರ ಅಂತ ಅರ್ಥ. ಆ ಹುಡುಗನ ತಾಯಿಯ ಬೊಜ್ಜ ಮುಗಿದಿರ್ತದೆ. ಈದ್ ಆದ ಮೇಲೆ ನೀವು ಬೇಕಾದಷ್ಟು ಬಿಚ್ಚಿ, ಒಣಗಿಸಿ, ಇಸ್ತ್ರಿ ಹಾಕಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸದಾನಂದನ ಹತ್ತಿರ ಹೋಗಿ, ಕಾರಣ ಬಾಯಿ ಬಿಡದೆ, ಏನು ಮಾಡೋಣ ಎಂದೆ.

"ಮುಚ್ಚಿ ಅಂದ್ರೆ ಮುಚ್ತೇನೆ ಸಾರ್. ಬೇಡ ಅಂದ್ರೆ ಬೇಡ." ಅವನು ಗೋಡೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

ಮುಚ್ಚಲಿಲ್ಲ. ಅದು ಧೈರ್ಯವೂ ಅಲ್ಲ, ಆದರ್ಶವೂ ಅಲ್ಲ. ಒದ್ದೆ ಬ್ಲಾಕಿಗೆ ಅಂಟು ಹಿಡಿಯುವುದಿಲ್ಲ. ಮಜ್ಲಿಸ್‌ನಲ್ಲಿ ಹತ್ತು ಜನ ಕೂತಿದ್ದಾಗ ಬೋರ್ಡು ಕಳಚಿ ಬಿದ್ದರೆ, ಆ ಕೆಲಸದ ಫೋರ್‌ಮನ್ ಯಾರೆಂದು ಕೇಳುತ್ತಾರೆ, ಅವನು ರಜೆಯ ಮೇಲೆ ಊರಿನಲ್ಲಿರುತ್ತಾನೆ. ಆಮೇಲೆ ಅವನಿಗೆ ವಾಪಸ್ ಬರುವ ದಾರಿ ಇರುವುದಿಲ್ಲ. ಇಷ್ಟು ಲೆಕ್ಕ ಹಾಕಿ ಮನೆಗೆ ಹೋದೆ. ಹೆಂಡತಿ ಬಡಿಸಿದ್ದನ್ನು ತಿಂದೆ. ಏನು ತಿಂದೆನೆಂದು ಈಗ ನೆನಪಿಲ್ಲ.

ಗುರುವಾರ ಹನ್ನೊಂದರ ಸುಮಾರಿಗೆ ಅಬು ರಾಶಿದ್ ವಿಮಾನ ನಿಲ್ದಾಣದಿಂದ ನೇರ ಬಂದರು. ಎತ್ತರದ ಆಳು, ಬಿಳಿ ನಿಲುವಂಗಿ ತೋಬಿನ ಅಂಚು ಸ್ವಲ್ಪ ಎತ್ತಿ ಹಿಡಿದು ಮೆಟ್ಟಿಲಿಳಿದರು. ಹಿಂದೆಯೇ ಹಮೀದರು, ಕಂಕುಳಲ್ಲಿ ಫೈಲು. ಯಜಮಾನರು ಮೂರು ಗೋಡೆ ನೋಡಿದರು. ನಾಲ್ಕನೆಯದರ ಮುಂದೆ ನಿಂತು ಬ್ಲಾಕಿನ ಮೇಲೆ ಅಂಗೈ ಇಟ್ಟರು.

"ಲೇಶ್?" ಯಾಕೆ ಎಂದು.

ಹಮೀದರು ನನ್ನನ್ನು ನೋಡಿದ ನೋಟದಲ್ಲಿ ಬೈಗುಳವೇ ಇತ್ತು. ನಾನು ತೋಟ, ನೀರು, ತಣ್ಣನೆ ಲೋಟ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೇಳಿಸಿಕೊಂಡು, "ಹೂವು ನನ್ನ ಹೆಂಡತಿಯದು. ಅವಳಿಗೆ ನೀವೇ ಹೇಳಬೇಕು," ಎಂದರು. ಅಷ್ಟೇ. ಹಮೀದರು ಕಂಕುಳಿನ ಫೈಲನ್ನು ಕೈಗೆ ತೆಗೆದುಕೊಂಡರು.

ಆಮೇಲೆ ಅವರು ಕೇಳಿದರು, "ಸದಾನಂದ ಯಾರು?"

ಅಂಟಿನ ಬಕೆಟ್ ಪಕ್ಕ ನಿಂತಿದ್ದ ಸದಾನಂದ ಕೈ ಎತ್ತಿದ. ಹಮೀದರು "ಅರಬಾಬ್, ಲಾ, ಲಾ", ಬೇಡ ಬೇಡ ಎಂದು ಮುಂದೆ ಹೋಗುವಷ್ಟರಲ್ಲಿ ತಡವಾಗಿತ್ತು. ಅಬು ರಾಶಿದ್ ಅವನ ಅಂಟು ಮೆತ್ತಿದ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. ತಮ್ಮವರಿಗೆ ಹೇಳುವ ಹಾಗೆಯೇ, ನಿಧಾನವಾಗಿ ಹೇಳಿದರು: "ಅಹ್ಸನಲ್ಲಾಹ್ ಅಜಾಕ್. ನಿನ್ನ ತಾಯಿ ಹೋದರೆಂದು ಕೇಳಿದೆ. ದೇವರು ನಿನಗೆ ಸಮಾಧಾನ ಕೊಡಲಿ." ಅರಬ್ಬಿಯಲ್ಲಿ ಒಮ್ಮೆ, ಅರ್ಥವಾಗಲಿಲ್ಲವೇನೋ ಎಂದು ಹಿಂದಿಯಲ್ಲಿ ಇನ್ನೊಮ್ಮೆ.

"ಶುಕ್ರನ್," ಎಂದು ಅರಬ್ಬಿಯಲ್ಲೇ ಥ್ಯಾಂಕ್ಸ್ ಹೇಳಿದ ಸದಾನಂದ. ಕೈ ಬಿಡಿಸಿಕೊಂಡ. ಕರಣೆಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ, ತೊಳೆದು, ಒರೆಸಿ, ಹಲಗೆಯ ಮೇಲಿಟ್ಟ. ಹೆಲ್ಮೆಟ್ ತೆಗೆದು ಪಕ್ಕದಲ್ಲಿಟ್ಟ. ಮೆಟ್ಟಿಲು ಹತ್ತಿ ಹೋದ. ನಾವು ಮೂವರೂ ಅವನ ಹಿಂದೆ ಹತ್ತಿದೆವು.

ಅವನು ತೋಟದ ನಲ್ಲಿಯ ಮುಂದೆ ಇದ್ದ. ಉಟ್ಟ ಕವರಾಲ್‌ನಲ್ಲೇ ಪೈಪನ್ನು ತಲೆಯ ಮೇಲೆ ಹಿಡಿದಿದ್ದ. ಆಗಸ್ಟಿನ ದೋಹಾದಲ್ಲಿ ಚಾವಣಿಯ ಟ್ಯಾಂಕಿನಿಂದ ಮಧ್ಯಾಹ್ನ ಬರುವ ನೀರಿಗೆ ಬೆರಳಿಡಲು ಆಗುವುದಿಲ್ಲ.

"ಅಯ್ಯೋ, ಸುಡ್ತದೆ ಮಾರಾಯ! ಬಿಡಾ!" ಎಂದು ಹಮೀದರು ಓಡಿದರು. ಸದಾನಂದ ಎಡಗೈಯಿಂದ ಅವರನ್ನು ತಡೆದು ಹಾಗೆಯೇ ನಿಂತ. ಮುಖ, ಕತ್ತು ಕೆಂಪಾದವು. ಅವನು ಅಳುತ್ತಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು.

"ಏನು ಮಾಡ್ತಿದ್ದಾನೆ?" ಎಂದರು ಅಬು ರಾಶಿದ್. ಹಮೀದರು ಅರಬ್ಬಿಯಲ್ಲಿ ವಿವರಿಸಿದರು: ಕೇಳಿದ ಕೂಡಲೇ ಹೀಗೆ ಮಾಡಬೇಕು, ಅದಕ್ಕೇ ಇಷ್ಟು ದಿನ ನಾವು ಹೇಳಿರಲಿಲ್ಲ. ಅಬು ರಾಶಿದ್ ಫೈಲಿಗೆ ಕೈ ಚಾಚಿದರು. ಕಾರಿನ ಬಾನೆಟ್ ಮೇಲೆ ಕಾಗದ ಇಡಲು ಹೋಗಿ, ಕಾದ ತಗಡಿಗೆ ಕೈ ತಾಗಿ ಹಿಂದೆಗೆದರು. ಹಮೀದರು ಬೆನ್ನು ಬಗ್ಗಿಸಿದರು. ಅವರ ಬೆನ್ನಿನ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

ಹಮೀದರು ಅವನನ್ನು ಒದ್ದೆ ಬಟ್ಟೆಯಲ್ಲೇ ಕಾರಿನಲ್ಲಿ ಕೂರಿಸಿಕೊಂಡು ಪರ್ಮಿಟ್ ಕಚೇರಿಗೆ ಹೋದರು. "ಸೀಟ್ ಹಾಳಾಗ್ತದೆ ಹಮೀದಾಕ," ಎಂದು ಸದಾನಂದ ಹೇಳಿದ್ದು ಕೇಳಿಸಿತು. "ನಿನ್ನ ತಲೆ, ಕೂತ್ಕೊ," ಎಂದರು ಹಮೀದರು. ಹನ್ನೆರಡೂವರೆಗೆ ಮುಚ್ಚುವ ಕೌಂಟರಿಗೆ ಅವರು ಹೊತ್ತಿಗೆ ಸರಿಯಾಗಿ ತಲುಪಿದ್ದರು.

ಸದಾನಂದ ಬೊಜ್ಜಕ್ಕೆ ಮುಟ್ಟಿದ. ಕ್ರಿಯೆ ಮುಗಿದ ಸಂಜೆ ಫೋನ್ ಮಾಡಿದ್ದ. "ಆಯ್ತು ಸಾರ್ ಎಲ್ಲ," ಎಂದ. ಆ ಕಡೆ ಪಾತ್ರೆ ತೊಳೆಯುವ ಸದ್ದು. "ಗೋಡೆ ಒಣಗಿತಾ?" ಎಂದ. ಇನ್ನೂ ಇಲ್ಲ ಎಂದೆ.

ಅದು ಒಣಗಿದ್ದು ರಮದಾನ್ ಅರ್ಧ ಕಳೆದ ಮೇಲೆ. ಅಲ್ಲಿಯವರೆಗೆ ಮಜ್ಲಿಸ್‌ಗೆ ಬಂದವರು ಮೂರು ಬಿಳಿ ಗೋಡೆ, ಒಂದು ಬರಿ ಬ್ಲಾಕಿನ ನಡುವೆ ಕೂತು ಗಹ್ವಾ ಕಾಫಿ ಕುಡಿದರು. ಹೂವಿನ ಪಾತಿ ಕಾಂಪೌಂಡಿನ ಕಡೆಗೆ ಸರಿಯಿತು. ಆ ಮಾತನ್ನು ಯಜಮಾನರ ಹೆಂಡತಿಗೆ ನಾನೇ ಹೇಳಿದೆ, ಅದೊಂದು ಬೇರೆ ಕಥೆ. ಮುಂದಿನ ಬೇಸಿಗೆಯಲ್ಲಿ ಒಂದು ಬೋರ್ಡು ಬಿಚ್ಚಿ ನೋಡಿದೆವು. ಫೋಮಿನ ಹಿಂದೆ ಬ್ಲಾಕು ಒಣಗಿತ್ತು.

ಇಪ್ಪತ್ತೆರಡು ವರ್ಷ ಕಟ್ಟಡಗಳ ತೇವದ ಹಿಂದೆ ಓಡಾಡಿದವನು ನಾನು. ಕೆಲಸ ಕಲಿಸಿದ ಪಾಠವನ್ನು ಕಿರಿಯ ಇಂಜಿನಿಯರುಗಳಿಗೆ ಹೇಳುವಾಗ ಹೀಗೆ ಹೇಳುತ್ತೇನೆ: ಯಾವ ಗೋಡೆಯನ್ನೂ ಮುಚ್ಚುವ ಮುಂಚೆ ನೀರು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿ. ತಡೆಯುವ ಹಾಳೆ ಒಂದೂರಿನಲ್ಲಿ ರಕ್ಷಣೆ, ಇನ್ನೊಂದೂರಿನಲ್ಲಿ ಅದೇ ಕೊಳೆಸುವುದು. ಡ್ರಾಯಿಂಗ್ ಬರೆದವನು ನಿಮ್ಮ ಊರಿನ ಹವೆಯಲ್ಲಿ ನಿಂತು ಬರೆದಿರುವುದಿಲ್ಲ.

ಸದಾನಂದ ಆ ಈದ್ ಕಳೆದ ಮೇಲೆ ವಾಪಸ್ ಬಂದ. ಮುಂದಿನ ವರ್ಷ ಜೂನ್‌ನಲ್ಲಿ ಅವರ ಕ್ಯಾಂಪಿನ ಕುಂದಾಪುರದ ಒಬ್ಬ ಪೇಂಟರ್‌ನ ತಂದೆ ತೀರಿಕೊಂಡರು. ಫೋನ್ ಸದಾನಂದನಿಗೆ ಬಂತು. ಪರ್ಮಿಟ್ ಇನ್ನೂ ಆಗಿರಲಿಲ್ಲ. ಹಮೀದರು ಹೇಳಿದ್ದು ಇದು. ಸದಾನಂದ ಮೊದಲು ಬಾತ್‌ರೂಮಿನ ಎರಡು ಬಕೆಟ್ ತುಂಬಿಸಿ ಎಸಿ ಇದ್ದ ರೂಮಿಗೆ ತಂದಿಟ್ಟನಂತೆ. ಕೈ ಅದ್ದಿ ಅದ್ದಿ ನೋಡುತ್ತ, ನೀರು ತಣಿಯುವವರೆಗೆ ಪಕ್ಕದಲ್ಲೇ ಕೂತಿದ್ದನಂತೆ. ಆಮೇಲೆ ಎದ್ದು ಹೋಗಿ, ಪೇಂಟರ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹೇಳಿದನಂತೆ.